ಹಗಲಲ್ಲೇ ರಾತ್ರಿ ಮಾಡಿದವರು

1/10

ಮೊದಲ ಸ್ಲೈಡಿನ ಫೋಟೋ ಇನ್ನೊಂದ್ಸಲ ನೋಡಿ. ಖಾಲಿ ಬೀದಿ. ಹಳೇ ಕಾಲದ ಜರ್ಮನ್ ಮನೆಗಳು. ಬೋಳುತಲೆಯ ಒಬ್ಬ ಮನುಷ್ಯ ಕಂಕುಳಲ್ಲಿ ಶವಪೆಟ್ಟಿಗೆ ಇಟ್ಕೊಂಡು ಹೋಗ್ತಿದ್ದಾನೆ. ಅವನು ಕೌಂಟ್ ಓರ್ಲಾಕ್, ರಕ್ತ ಕುಡಿಯುವ ಪಿಶಾಚಿ. ಸಿನಿಮಾ ‘ನೊಸ್ಫೆರಾಟು’, 1922, ನಿರ್ದೇಶಕ ಎಫ್. ಡಬ್ಲ್ಯೂ. ಮುರ್ನಾವ್. ಕಥೆಯ ಪ್ರಕಾರ ಇವನಿಗೆ ಬೆಳಗಿನ ಸೂರ್ಯನ ಬೆಳಕು ತಾಗಿದ್ರೆ ಮುಗೀತು, ಹೊಗೆಯಾಗಿ ಹೋಗ್ತಾನೆ. ಆದ್ರೆ ಆ ಬೀದಿ? ಗೋಡೆಗಳೆಲ್ಲ ಹಗಲ ಬೆಳಕಲ್ಲಿ ಬೆಳ್ಳಗೆ ಕಾಣ್ತಿವೆ. ಮೇಲಿನ ಆಕಾಶವೂ ಬಿಳಿ.

ಹೋದ ಸೆಮಿಸ್ಟರ್ ಫಿಲ್ಮ್ ಹಿಸ್ಟರಿ ಕ್ಲಾಸಲ್ಲಿ ಇದನ್ನ ಪ್ರೊಜೆಕ್ಟರ್ ಮೇಲೆ ಹಾಕಿದಾಗ ಏನಾಯ್ತು ಅಂತ ನಿಮಗೆಲ್ಲ ನೆನಪಿದೆ. ಹಿಂದಿನ ಬೆಂಚಿಂದ ಯಾರೋ ‘ಸನ್‌ಸ್ಕ್ರೀನ್ ಹಚ್ಕೊಂಡ್ ಬಂದಿದಾನೆ ಕಣ್ರೋ’ ಅಂದ್ರು. ಇಡೀ ಕ್ಲಾಸ್ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನೂರು ವರ್ಷದ ಹಿಂದಿನವರಿಗೆ ಅಷ್ಟೂ ಗೊತ್ತಾಗ್ಲಿಲ್ವಾ ಅಂತ ಅನ್ನಿಸಿತ್ತು.

ಅವರಿಗೆ ಗೊತ್ತಿತ್ತು. ಗೊತ್ತಿರದೇ ಇದ್ದಿದ್ದು ನಮಗೆ. ಈ ಸರಣಿ ಆ ನಗುವಿಗೆ ನಾನು ಕಟ್ಟುತ್ತಿರುವ ದಂಡ ಅಂದ್ಕೊಳ್ಳಿ. ಹತ್ತು ಕ್ಯಾಪ್ಷನ್ ಇದೆ, ಬಸ್ಸಲ್ಲಿ ಕೂತು ಓದಿ. ಕೊನೆಗೆ ನಮ್ಮದೇ ಕಿರುಚಿತ್ರದ ವಿಷಯಕ್ಕೂ ಬರ್ತೀನಿ. ಅದರ ರಾತ್ರಿ ಎಲ್ಲಿಂದ ಬಂತು ಅಂತ ತುಂಬ ಜನ ಡಿಎಂ ಮಾಡಿ ಕೇಳಿದ್ರಿ.

#ಹಗಲಿನರಾತ್ರಿ

2/10

ಮೊದಲು ಒಂದು ಸರಳ ವಿಷಯ. ಆ ಕಾಲದ ಫಿಲ್ಮಿಗೆ ಕತ್ತಲೆಯಲ್ಲಿ ಏನೂ ಕಾಣ್ತಿರಲಿಲ್ಲ. ಈಗ ನಿಮ್ಮ ಫೋನು ಬೀದಿದೀಪದ ಬೆಳಕಲ್ಲೂ ಏನೋ ಒಂದು ಚಿತ್ರ ಕೊಡುತ್ತೆ. ಅಂದಿನ ರೀಲಿಗೆ ಬೆಳಕು ಸುರಿಯಬೇಕಿತ್ತು. ಸ್ಟುಡಿಯೋ ಒಳಗೆ ಆರ್ಕ್ ದೀಪ ಹಚ್ಚಿ ಒಂದು ಕೋಣೆ ಬೆಳಗಿಸಬಹುದು. ಇಡೀ ಬೀದಿ, ಬಂದರು, ಕಾಡು ಬೆಳಗಿಸೋಕೆ ಎಲ್ಲಿಂದ ತರ್ತೀರಿ? ಹಾಗಾಗಿ ಹೊರಾಂಗಣದ ರಾತ್ರಿ ದೃಶ್ಯಗಳನ್ನ ಹಗಲಲ್ಲೇ ತೆಗೀತಿದ್ರು.

ತೆಗೆದ ಮೇಲೆ ಕೆಲಸ ಶುರು. ಪ್ರೇಕ್ಷಕರಿಗೆ ತೋರಿಸುವ ಪ್ರಿಂಟನ್ನು ದೃಶ್ಯದ ಪ್ರಕಾರ ತುಂಡು ತುಂಡು ಮಾಡಿ, ಒಂದೊಂದು ಬಣ್ಣದ ತುಂಡುಗಳನ್ನ ಬೇರೆ ಬೇರೆ ತೊಟ್ಟಿಗಳಲ್ಲಿ ಅದ್ದುತ್ತಿದ್ದರು. ನೂಲಿಗೆ ಬಣ್ಣ ಹಾಕ್ತಾರಲ್ಲ, ಹೆಚ್ಚು ಕಡಿಮೆ ಹಾಗೇ. ರಾತ್ರಿಗೆ ನೀಲಿ. ದೀಪ ಹಚ್ಚಿದ ಮನೆಯೊಳಗಿಗೆ ಜೇನಿನ ಹಳದಿ. ಬೆಂಕಿ ಬಿದ್ದರೆ ಕೆಂಪು. ಒಣಗಿಸಿ ಮತ್ತೆ ಕ್ರಮವಾಗಿ ಅಂಟಿಸಿದ್ರೆ ಪ್ರಿಂಟ್ ಸಿದ್ಧ. ಈ ಕೆಲಸಕ್ಕೆ ಟಿಂಟಿಂಗ್ ಅಂತ ಹೆಸರು. ಕಪ್ಪು ಭಾಗ ಕಪ್ಪಾಗೇ ಇರುತ್ತೆ, ಬಿಳಿ ಇದ್ದ ಕಡೆಯೆಲ್ಲ ಬಣ್ಣ ಬರುತ್ತೆ. ಅಂದ್ರೆ ಓರ್ಲಾಕ್ ನಡೆದ ಆ ಬೆಳ್ಳಗಿನ ಬೀದಿ, ಬೆಳ್ಳಗಿನ ಆಕಾಶ ಎಲ್ಲ ಪರದೆ ಮೇಲೆ ನೀಲಿ.

ನನಗೆ ತುಂಬ ಇಷ್ಟವಾದ ತಂತ್ರ ಇನ್ನೊಂದಿದೆ. ಪಾತ್ರ ದೀಪ ಊದಿ ಆರಿಸುತ್ತೆ, ಆ ಕ್ಷಣಕ್ಕೆ ಹಳದಿ ತುಂಡು ಮುಗಿದು ನೀಲಿ ತುಂಡು ಶುರುವಾಗುತ್ತೆ. ಕೋಣೆಯ ಬೆಳಕು ಅಷ್ಟೇ ಇದೆ, ಒಂದು ಚೂರೂ ಕಮ್ಮಿಯಾಗಿಲ್ಲ. ಆದ್ರೂ ನೋಡುವವರ ತಲೆಯಲ್ಲಿ ಕತ್ತಲೆ ಆಯ್ತು. ‘ನೀಲಿ ಅಂದ್ರೆ ರಾತ್ರಿ’ ಅನ್ನೋ ಒಪ್ಪಂದ ನಿರ್ಮಾಪಕರಿಗೂ ಪ್ರೇಕ್ಷಕರಿಗೂ ಅಷ್ಟು ಗಟ್ಟಿಯಾಗಿತ್ತು.

3/10

ಹಾಗಾದ್ರೆ ಕ್ಲಾಸಲ್ಲಿ ನಾವು ನೋಡಿದ ಪಿಶಾಚಿ ಯಾಕೆ ಹಗಲಲ್ಲಿ ತಿರುಗ್ತಿದ್ದ? ಅದಕ್ಕೆ ಒಂದು ಕೋರ್ಟ್ ಕೇಸು ಕೇಳಬೇಕು.

‘ನೊಸ್ಫೆರಾಟು’ ಬ್ರಾಮ್ ಸ್ಟೋಕರ್ ಬರೆದ ‘ಡ್ರಾಕುಲಾ’ ಕಾದಂಬರಿಯ ಕಥೆ. ಹೆಸರುಗಳನ್ನ ಬದಲಾಯಿಸಿದ್ರು, ಆದ್ರೆ ಅನುಮತಿ ಕೇಳಿರಲಿಲ್ಲ. ಲೇಖಕರ ವಿಧವೆ ಫ್ಲಾರೆನ್ಸ್ ಸ್ಟೋಕರ್ ಸುಮ್ಮನಿರಲಿಲ್ಲ. ವರ್ಷಗಟ್ಟಲೆ ಕೇಸು ನಡೆಸಿದ್ರು. 1925ರಲ್ಲಿ ಜರ್ಮನ್ ಕೋರ್ಟು ಎಲ್ಲ ಪ್ರತಿಗಳನ್ನೂ ನಾಶ ಮಾಡಿ ಅಂತ ಆದೇಶ ಕೊಟ್ಟಿತು. (ಇದರಲ್ಲಿ ನನಗೆ ಆಯಮ್ಮನ ಮೇಲೆ ಸಿಟ್ಟು ಬರಲ್ಲ. ಗಂಡ ಬಿಟ್ಟು ಹೋದ ಪುಸ್ತಕವೇ ಅವರ ಜೀವನಾಧಾರ ಆಗಿತ್ತು.) ಅಷ್ಟರಲ್ಲಿ ಕೆಲವು ಪ್ರಿಂಟುಗಳು ಬೇರೆ ದೇಶಗಳಿಗೆ ಹೋಗಿಬಿಟ್ಟಿದ್ದವು. ಅವೇ ಉಳಿದವು.

ಉಳಿದ ಪ್ರಿಂಟುಗಳಿಂದ ಪ್ರತಿ, ಪ್ರತಿಯಿಂದ ಇನ್ನೊಂದು ಪ್ರತಿ. ಹೆಚ್ಚಿನವು ಬರೀ ಕಪ್ಪು ಬಿಳುಪು ಫಿಲ್ಮಿನ ಮೇಲೆ. ಬಣ್ಣ ಇದ್ದದ್ದು ತೊಟ್ಟಿಯಲ್ಲಿ ಅದ್ದಿದ ಆ ಒಂದು ಪ್ರಿಂಟಿನಲ್ಲಿ ಮಾತ್ರ, ಕಪ್ಪು ಬಿಳುಪಿಗೆ ಪ್ರತಿ ತೆಗೆದ ಕೂಡಲೇ ನೀಲಿ ಹೋಯ್ತು. ನೀಲಿಯ ಜೊತೆ ರಾತ್ರಿಯೂ ಹೋಯ್ತು. ಹತ್ತಾರು ವರ್ಷ ಜಗತ್ತು ನೋಡಿದ್ದು, ಇಂಟರ್ನೆಟ್ಟಲ್ಲಿ ಇವತ್ತಿಗೂ ಸುಲಭವಾಗಿ ಸಿಗೋದು ಇಂಥ ಬಣ್ಣ ಹೋದ ಪ್ರತಿಗಳೇ. ನಮ್ಮ ಕ್ಲಾಸಲ್ಲಿ ಹಾಕಿದ್ದೂ ಅಂಥದ್ದೇ. ಆಮೇಲೆ ಪ್ಯಾರಿಸ್ಸಿನ ಫಿಲ್ಮ್ ಆರ್ಕೈವಿನಲ್ಲಿದ್ದ ಬಣ್ಣದ ಹಳೇ ಪ್ರಿಂಟನ್ನ ಆಧಾರವಾಗಿಟ್ಟುಕೊಂಡು ಸಿನಿಮಾವನ್ನ ಮತ್ತೆ ಮೊದಲಿನ ಹಾಗೆ ಮಾಡಿದ್ದಾರೆ. ಆ ಪ್ರತಿ ಹುಡುಕಿ ನೋಡಿ. ಎರಡನೇ ಸ್ಲೈಡಲ್ಲಿ ಅದೇ ಬೀದಿ, ಅದೇ ನಡಿಗೆ. ನಗು ಬರುತ್ತಾ ಹೇಳಿ.

ಇನ್ನೊಂದು ಮಾತು. ಸ್ಟೋಕರ್ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಓಡಾಡ್ತಾನೆ, ಶಕ್ತಿ ಕಮ್ಮಿ ಇರುತ್ತೆ ಅಷ್ಟೆ. ಬಿಸಿಲಿಗೆ ಪಿಶಾಚಿ ಸಾಯುತ್ತೆ ಅನ್ನೋದನ್ನ ತೆರೆಗೆ ತಂದದ್ದು ಈ ಸಿನಿಮಾನೇ. ಈಗ ಯೋಚನೆ ಮಾಡಿ. ಕ್ಲೈಮ್ಯಾಕ್ಸ್ ಪೂರ್ತಿ ನಿಂತಿರೋದು ರಾತ್ರಿ ಹೋಗಿ ಬೆಳಗಾಗೋದರ ಮೇಲೆ. ಆ ರಾತ್ರಿಯೂ ಬೆಳಗೂ ಎರಡನ್ನೂ ತೆಗೆದಿರೋದು ಹಗಲಲ್ಲಿ. ಬೇರೆ ಮಾಡಿ ತೋರಿಸೋದು ಬಣ್ಣವೊಂದೇ. ಅದು ಅಳಿಸಿಹೋದ್ರೆ ಓರ್ಲಾಕ್ ಯಾಕೆ ಸತ್ತ ಅಂತಲೇ ಅರ್ಥ ಆಗಲ್ಲ.

4/10

ಇದು ಚಿಕ್ಕದು. 1920ರ ದಶಕದ ಕೊನೆಗೆ ಸಿನಿಮಾ ಮಾತಾಡೋಕೆ ಶುರು ಮಾಡ್ತು. ಧ್ವನಿಯ ಪಟ್ಟಿ ಫಿಲ್ಮಿನ ಅಂಚಲ್ಲೇ ಅಚ್ಚಾಗಿರುತ್ತೆ, ಅದರ ಮೂಲಕ ಬೆಳಕು ಹಾಯಿಸಿ ಫೋಟೋಸೆಲ್ ಓದುತ್ತೆ. ಪ್ರಿಂಟನ್ನ ಬಣ್ಣದಲ್ಲಿ ಅದ್ದಿದ್ರೆ ಆ ಪಟ್ಟಿಗೂ ಬಣ್ಣ ಬಂತು, ಧ್ವನಿ ಕೆಟ್ಟಿತು. ಕೊಡಾಕ್ ಕಂಪನಿ 1929ರಲ್ಲಿ ಧ್ವನಿಗೆ ತೊಂದರೆ ಕೊಡದ, ಮೊದಲೇ ಬಣ್ಣ ಹಾಕಿದ ಫಿಲ್ಮ್ ತಂತು. ಹೆಸರು ಸೋನೋಕ್ರೋಮ್. ಒಂದೊಂದು ಬಣ್ಣಕ್ಕೂ ಒಂದೊಂದು ಹೆಸರು: ಬೆಂಕಿಯ ಕೆಂಪಿಗೆ ‘ಇನ್‌ಫರ್ನೋ’, ರಾತ್ರಿಯ ಕಡುನೀಲಿಗೆ ‘ನಾಕ್ಟರ್ನ್’. ಈಗಿನ ಫಿಲ್ಟರ್‌ಗಳ ಹೆಸರು ನೆನಪಾಗುತ್ತೆ ಅಲ್ವಾ? ಆದ್ರೂ ಟಿಂಟಿಂಗ್ ಬದುಕಲಿಲ್ಲ. ಕೆಲವೇ ವರ್ಷದಲ್ಲಿ ಆ ರೂಢಿ ಹೆಚ್ಚುಕಮ್ಮಿ ನಿಂತೇ ಹೋಯ್ತು.

ರಾತ್ರಿ ಮಾಡೋಕೆ ಬೇರೆ ದಾರಿ ಬೇಕಾಯ್ತು.

5/10

ದಾರಿ ಕ್ಯಾಮೆರಾದ ಮುಂದೆ ಸಿಕ್ತು. ಹಳೇ ಫಿಲ್ಮಿಗೆ ಕೆಂಪು ಬಣ್ಣ ಕಾಣ್ತಿರಲಿಲ್ಲ, ನೀಲಿ ಮಾತ್ರ ಅತಿಯಾಗಿ ಕಾಣ್ತಿತ್ತು. ಅದಕ್ಕೇ ಆ ಕಾಲದ ಸಿನಿಮಾಗಳಲ್ಲಿ ಆಕಾಶ ಬಿಳಿ ಕಾಗದದ ಥರ. 1920ರ ದಶಕದಲ್ಲಿ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂತು. ಇದರ ಮುಂದೆ ಒಂದು ಕೆಂಪು ಗಾಜು ಹಿಡಿದ್ರೆ? ನೀಲಿ ಬೆಳಕು ಒಳಗೆ ಹೋಗಲ್ಲ. ಆಕಾಶ ಪೂರ್ತಿ ನೀಲಿಯೇ ಆಗಿರೋದ್ರಿಂದ ಅದು ಫಿಲ್ಮಿನಲ್ಲಿ ಕಪ್ಪಗಾಗುತ್ತೆ. ಎಕ್ಸ್‌ಪೋಷರ್ ಸ್ವಲ್ಪ ಕಮ್ಮಿ ಮಾಡಿದ್ರೆ ಮಟಮಟ ಮಧ್ಯಾಹ್ನದಲ್ಲಿ ಬೆಳದಿಂಗಳ ರಾತ್ರಿ.

ತೊಂದರೆ ಇಲ್ಲದೇ ಇಲ್ಲ. ಕೆಂಪು ಗಾಜಿನಲ್ಲಿ ನಟರ ಮುಖ, ತುಟಿ ಎಲ್ಲ ಬಿಳಿಚಿಕೊಳ್ಳುತ್ತೆ. ಅದಕ್ಕೆ 23ಎ ಮತ್ತು 56 ಅನ್ನೋ ಎರಡು ಫಿಲ್ಟರ್ ಸೇರಿಸಿ ಹಾಕೋ ಪದ್ಧತಿ ಬಂತು, ಒಂದು ಆಕಾಶವನ್ನ ಕಪ್ಪು ಮಾಡೋಕೆ, ಇನ್ನೊಂದು ಮುಖದ ಬಣ್ಣ ಕಾಪಾಡೋಕೆ. ಇನ್‌ಫ್ರಾರೆಡ್ ಫಿಲ್ಮ್ ಹಾಕಿದ್ರೆ ಆಕಾಶ ಇನ್ನೂ ಕಪ್ಪು. ಆದ್ರೆ ಹಸಿರೆಲೆ ಇನ್‌ಫ್ರಾರೆಡ್ ಬೆಳಕನ್ನ ಜೋರಾಗಿ ಹಿಂದಕ್ಕೆ ಎಸೆಯುತ್ತೆ, ಮರಗಳೆಲ್ಲ ಮಂಜು ಬಿದ್ದ ಹಾಗೆ ಬೆಳ್ಳಗೆ! ಮರವಿಲ್ಲದ ಮರುಭೂಮಿಗೆ ಇದು ಹೇಳಿ ಮಾಡಿಸಿದ್ದು. ಈ ಇನ್‌ಫ್ರಾರೆಡ್‌ನ ನೆನಪಿಟ್ಕೊಳ್ಳಿ, ಎಂಟನೇ ಭಾಗದಲ್ಲಿ ವಾಪಸ್ ಬರುತ್ತೆ.

ಹಾಲಿವುಡ್ಡಿನ ಕೌಬಾಯ್ ಸಿನಿಮಾಗಳಲ್ಲಿ ಈ ಡೇ ಫಾರ್ ನೈಟ್ ಎಷ್ಟು ಬಳಕೆಯಾಯ್ತು ಅಂದ್ರೆ ಫ್ರೆಂಚರು ಇದಕ್ಕೆ ‘ಅಮೆರಿಕನ್ ರಾತ್ರಿ’ ಅಂತಲೇ ಹೆಸರಿಟ್ಟರು: ‘ಲಾ ನ್ವಿ ಅಮೆರಿಕೇನ್’. ಮೈಲಿಗಟ್ಟಲೆ ಮರುಭೂಮಿಗೆ ದೀಪ ಹಾಕೋಕೆ ಯಾವ ನಿರ್ಮಾಪಕನ ಕೈಲೂ ಆಗಲ್ಲ. ಫ್ರಾನ್ಸ್ವಾ ಟ್ರೂಫೋ 1973ರಲ್ಲಿ ಅದೇ ಹೆಸರಿನ ಸಿನಿಮಾ ಮಾಡಿದ. ಒಂದು ಸಿನಿಮಾ ಚಿತ್ರೀಕರಣದ ಕಥೆ ಅದು, ನಿರ್ದೇಶಕನ ಪಾತ್ರದಲ್ಲಿ ಟ್ರೂಫೋ ತಾನೇ ಇದ್ದಾನೆ. ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್ ಕೂಡ ಬಂತು. ಸಿನಿಮಾ ಮಾಡೋ ಹುಚ್ಚು ಇರೋರು ಅದನ್ನ ಒಂದು ಸಲವಾದ್ರೂ ನೋಡಲೇಬೇಕು, ಅದರಲ್ಲೂ ಬೆಕ್ಕಿಗೆ ಹಾಲು ಕುಡಿಸೋಕೆ ಇಡೀ ಯೂನಿಟ್ ಒದ್ದಾಡುವ ದೃಶ್ಯ.

6/10

ಕಲರ್ ಬಂದ ಮೇಲೆ ಕೆಂಪು ಗಾಜು ಹಾಕೋಕಾಗಲ್ಲ, ಎಲ್ಲ ಕೆಂಪಾಗಿಬಿಡುತ್ತೆ. ಆದ್ರೆ ಛಾಯಾಗ್ರಾಹಕರು ಇಲ್ಲೂ ಒಂದು ಸಂದಿ ಕಂಡುಕೊಂಡ್ರು. ಟಂಗ್‌ಸ್ಟನ್ ಫಿಲ್ಮ್ ಅಂತ ಇರುತ್ತೆ, ಒಳಾಂಗಣದ ಹಳದಿ ದೀಪಕ್ಕೆ (3200 ಕೆಲ್ವಿನ್) ಹೊಂದಿಸಿದ್ದು. ಅದನ್ನ ಬಿಸಿಲಲ್ಲಿ (ಸುಮಾರು 5500 ಕೆಲ್ವಿನ್) ಬಳಸಬೇಕಾದ್ರೆ ಮುಂದೆ 85 ಅನ್ನೋ ಕಿತ್ತಳೆ ಫಿಲ್ಟರ್ ಹಾಕಬೇಕು. ಹಾಕದೇ ಇದ್ರೆ ಚಿತ್ರ ಪೂರ್ತಿ ನೀಲಿ. ಹಾಕಲೇ ಇಲ್ಲ! ಒಂದೂವರೆ ಎರಡು ಸ್ಟಾಪ್ ಕಮ್ಮಿ ಬೆಳಕು ಬಿಟ್ಟು, ಸೂರ್ಯನನ್ನ ನಟರ ಬೆನ್ನ ಹಿಂದಿಟ್ಟು, ಆಕಾಶ ಫ್ರೇಮಿಗೆ ಬರದ ಹಾಗೆ ನೋಡ್ಕೊಂಡ್ರೆ ಸೂರ್ಯನೇ ಚಂದ್ರ.

ಡೇವಿಡ್ ಲೀನ್ ಅವರ ‘ಲಾರೆನ್ಸ್ ಆಫ್ ಅರೇಬಿಯಾ’ (1962) ಸಿನಿಮಾದ ಮರುಭೂಮಿ ರಾತ್ರಿಗಳು ಹೀಗೆ ಬಂದಿದ್ದು. ‘ಜಾಸ್’ (1975) ಶುರುವಲ್ಲಿ ಈಜೋಕೆ ಹೋದ ಹುಡುಗಿಯನ್ನ ಶಾರ್ಕ್ ಎಳೆಯುತ್ತಲ್ಲ, ಅದೂ ಹಗಲು.

ನಮ್ಮ ಹಳೇ ಸಿನಿಮಾಗಳನ್ನ ಭಾನುವಾರ ಟೀವಿಯಲ್ಲಿ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ನೀಲಿ ಬಣ್ಣದ ಕಾಡು, ನಾಯಕಿ ಓಡ್ತಿದ್ದಾಳೆ, ಕೈಯಲ್ಲಿ ಲಾಟೀನು. ಲಾಟೀನಿನ ಬೆಳಕು ಮಾತ್ರ ಎಲ್ಲೂ ಬೀಳ್ತಿಲ್ಲ! ಅಲ್ಲೇ ಸಿಕ್ಕಿಬೀಳೋದು. ನಿಜವಾದ ಕತ್ತಲಲ್ಲಿ ಒಂದು ಸಣ್ಣ ದೀಪವೂ ಸುತ್ತಲಿನ ಎಲ್ಲಕ್ಕಿಂತ ಜೋರು. ಹಗಲಲ್ಲಿ ಅದನ್ನ ಸೂರ್ಯ ನುಂಗಿಬಿಡ್ತಾನೆ. ಎಕ್ಸ್‌ಪೋಷರ್ ಇಳಿಸಿದಾಗ ದೀಪವೂ ಜೊತೆಗೇ ಇಳಿಯುತ್ತೆ.

ಇದರ ಉಲ್ಟಾ ಕೆಲಸಕ್ಕೆ ಹೆಸರಾದ ನಮ್ಮವರೊಬ್ಬರ ಹೆಸರು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಮೈಸೂರಿನ ವಿ. ಕೆ. ಮೂರ್ತಿ. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಕಲಿತವರು, ಗುರುದತ್ ಸಿನಿಮಾಗಳ ಛಾಯಾಗ್ರಾಹಕರು, ಮುಂದೆ ಫಾಲ್ಕೆ ಪ್ರಶಸ್ತಿ ಪಡೆದವರು. ‘ಕಾಗಜ್ ಕೆ ಫೂಲ್’ (1959) ಸಿನಿಮಾದಲ್ಲಿ ಕತ್ತಲ ಸ್ಟುಡಿಯೋಗೆ ಮೇಲಿಂದ ಇಳಿಯೋ ಬೆಳಕಿನ ಕೋಲು ಇದೆಯಲ್ಲ, ಅದು ದೀಪ ಅಲ್ಲ. ಹೊರಗಿನ ಬಿಸಿಲನ್ನ ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದಿದ್ದು.

7/10

ಇಲ್ಲಿ ಒಂದು ಪ್ರಶ್ನೆ ನನ್ನ ತಲೆ ತಿಂತಿತ್ತು. ರಾತ್ರಿ ನಿಜವಾಗ್ಲೂ ನೀಲಿನಾ?

ಚಂದ್ರನಿಗೆ ಸ್ವಂತ ಬೆಳಕಿಲ್ಲ, ಬಿಸಿಲನ್ನೇ ವಾಪಸ್ ಕಳಿಸ್ತಾನೆ. ಚಂದ್ರನ ಮಣ್ಣು ನೀಲಿಯೇನಲ್ಲ, ಹಾಗಾಗಿ ಬೆಳದಿಂಗಳ ಬಣ್ಣ ಅಳತೆ ಮಾಡಿದ್ರೆ ಬಿಸಿಲಿಗಿಂತ ಒಂದು ಚೂರು ಹಳದಿ ಕಡೆಗೇ ವಾಲುತ್ತೆ. ಪ್ರಖರತೆ ಮಾತ್ರ ಪಾತಾಳ: ಹುಣ್ಣಿಮೆ ಚಂದ್ರ ಸೂರ್ಯನಿಗಿಂತ ಸುಮಾರು 4,00,000 ಪಟ್ಟು ಮಂಕು. ಅಷ್ಟು ಕಮ್ಮಿ ಬೆಳಕಲ್ಲಿ ನಮ್ಮ ಕಣ್ಣಿನ ಬಣ್ಣ ನೋಡುವ ಕೋಶಗಳು ಸುಮ್ಮನಾಗ್ತವೆ, ಮಂದ ಬೆಳಕಿನ ಕೋಶಗಳು ಕೆಲಸ ಶುರು ಮಾಡ್ತವೆ. ಅವಕ್ಕೆ ಕೆಂಪು ಹೆಚ್ಚುಕಮ್ಮಿ ಕಾಣಲ್ಲ, ನೀಲಿ ಹಸಿರಿನ ಕಡೆಯ ಬೆಳಕು ಚೆನ್ನಾಗಿ ಕಾಣುತ್ತೆ. 1819ರಲ್ಲಿ ಯಾನ್ ಪುರ್ಕಿನ್ಯೆ ಅನ್ನೋ ಚೆಕ್ ವಿಜ್ಞಾನಿ ಇದನ್ನ ಗಮನಿಸಿದ. ನೀವೂ ಇವತ್ತೇ ನೋಡಬಹುದು. ಸಂಜೆ ಮನೆ ಮುಂದಿನ ಕೆಂಪು ದಾಸವಾಳ ನೋಡ್ತಾ ನಿಂತ್ಕೊಳ್ಳಿ. ಕತ್ತಲಾಗ್ತಾ ಆಗ್ತಾ ಎಲೆಗಿಂತ ಮೊದಲು ಹೂವೇ ಕಪ್ಪಗಾಗುತ್ತೆ.

ಹಾಗಾಗಿ ಸಿನಿಮಾದ ನೀಲಿಗೆ ಕಣ್ಣಿನಲ್ಲಿ ಸ್ವಲ್ಪ ಆಧಾರ ಇದೆ, ಉಳಿದದ್ದು ತೊಟ್ಟಿಯಲ್ಲಿ ಅದ್ದಿದ ಕಾಲದಿಂದ ಬಂದ ಅಭ್ಯಾಸ. ನಮ್ಮ ಭಾಷೆ ಬೇರೆ ಹೇಳುತ್ತೆ ನೋಡಿ. ಬೆಳ್ಳಗಿನ ತಿಂಗಳು, ಬೆಳ್ದಿಂಗಳು, ಬೆಳದಿಂಗಳು. ಹಾಲು ಚೆಲ್ಲಿದ ಹಾಗೆ ಅಂತೀವೇ ಹೊರತು ನೀಲಿ ಚೆಲ್ಲಿದ ಹಾಗೆ ಅಂತ ಯಾರೂ ಅನ್ನಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಇವತ್ತಿನ ಬಹಳಷ್ಟು ರೀಲ್ಸ್‌ಗಳಲ್ಲಿ ನೀಲಿ ಜಾಸ್ತಿ ಆಯ್ತು. ಬಣ್ಣವನ್ನೇ ಕಮ್ಮಿ ಮಾಡಿ, ಮೇಲೆ ನೀಲಿ ಒಂದು ಹನಿ ಹಾಕಿದ್ರೆ ಸಾಕು.

ಇನ್ನೊಂದು ತಪ್ಪು ತಿಳುವಳಿಕೆ: ‘ನೆರಳು ಬಿದ್ರೆ ಅದು ಹಗಲು’ ಅಂತ. ಭೂಮಿಯಿಂದ ನೋಡಿದ್ರೆ ಚಂದ್ರನೂ ಸೂರ್ಯನೂ ಹೆಚ್ಚುಕಮ್ಮಿ ಒಂದೇ ಗಾತ್ರ, ಅರ್ಧ ಡಿಗ್ರಿ. ಹಾಗಾಗಿ ಹುಣ್ಣಿಮೆಯ ನೆರಳೂ ಬಿಸಿಲಿನ ನೆರಳಷ್ಟೇ ಚೂಪು. ಕರೆಂಟ್ ಹೋದ ಹಳ್ಳಿಯಲ್ಲಿ ಹುಣ್ಣಿಮೆ ದಿನ ಅಂಗಳಕ್ಕೆ ಬಂದವರಿಗೆ ಗೊತ್ತು.

8/10

ಈಗ ಕಂಪ್ಯೂಟರ್. ಕಾಂಪೋಸಿಟಿಂಗ್ ಅಂದ್ರೆ ಒಂದು ಚಿತ್ರದ ಮೇಲೆ ಇನ್ನೊಂದನ್ನ ಪದರ ಪದರವಾಗಿ ಕೂರಿಸೋದು. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಬರೆದ ಪ್ರಬಂಧ ಇದರ ಲೆಕ್ಕವನ್ನ ಸರಿಯಾಗಿ ಹಾಕಿಕೊಟ್ಟಿತು: ಯಾವ ಪಿಕ್ಸೆಲ್ ಎಷ್ಟು ಪಾರದರ್ಶಕ, ಮೇಲಿನದು ಎಷ್ಟು ಕಾಣಬೇಕು, ಕೆಳಗಿನದು ಎಷ್ಟು. 1993ರಲ್ಲಿ ಆಫ್ಟರ್ ಎಫೆಕ್ಟ್ಸ್ ಬಂತು, ಇದು ಮೇಜಿನ ಮೇಲಿನ ಕಂಪ್ಯೂಟರಿಗೆ ಇಳೀತು. ರಾತ್ರಿ ಮಾಡೋರಿಗೆ ಇದರಿಂದ ಸಿಕ್ಕಿದ್ದೇನು? ಫಿಲ್ಟರ್ ಹಾಕಿದ್ರೆ ಇಡೀ ಫ್ರೇಮಿಗೆ ಒಂದೇ ನಿಯಮ. ಇಲ್ಲಿ ಆಕಾಶಕ್ಕೊಂದು, ಮುಖಕ್ಕೊಂದು, ಕಿಟಕಿಗೊಂದು. ಲಾಟೀನಿನ ಸಮಸ್ಯೆಗೆ ಕೊನೆಗೂ ಪರಿಹಾರ.

ತಮಾಷೆ ಅಂದ್ರೆ ಡಿಜಿಟಲ್ ಬಂದ ಮೇಲೆ ಹಳೇ ನಿಯಮವೇ ತಿರುಗುಮುರುಗಾಯ್ತು. ಫಿಲ್ಮಿನವರು ಬೆಳಕು ಕಮ್ಮಿ ಬಿಡ್ತಿದ್ರು. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015) ತಂಡ ನಮೀಬಿಯಾದ ಹಗಲಲ್ಲಿ ರಾತ್ರಿ ದೃಶ್ಯಗಳನ್ನ ಎರಡು ಸ್ಟಾಪ್ ಜಾಸ್ತಿ ಬೆಳಕು ಬಿಟ್ಟು ತೆಗೀತು. ಯಾಕೆ ಅಂದ್ರೆ ಸೆನ್ಸರಿನ ಗಲೀಜು, ಆ ಕಾಳು ಕಾಳು ನಾಯ್ಸ್ ಎಲ್ಲ ಕೂತಿರೋದು ನೆರಳಿನ ಭಾಗದಲ್ಲಿ. ಜಾಸ್ತಿ ಬೆಳಕು ಬಿಟ್ರೆ ನೆರಳಲ್ಲೂ ವಿವರ ಶುದ್ಧವಾಗಿ ಸಿಗುತ್ತೆ. ಆಮೇಲೆ ಕಂಪ್ಯೂಟರಲ್ಲಿ ಎಷ್ಟು ಬೇಕಾದ್ರೂ ಕತ್ತಲು ಮಾಡಬಹುದು, ಆಕಾಶ ಬದಲಾಯಿಸಬಹುದು. ಆ ಸಿನಿಮಾದ ಕಡುನೀಲಿ ರಾತ್ರಿ ನೋಡಿದ್ರೆ ನನಗೆ ‘ನಾಕ್ಟರ್ನ್’ ನೆನಪಾಗುತ್ತೆ.

ಇನ್ನು ಇನ್‌ಫ್ರಾರೆಡ್. ಜೋರ್ಡನ್ ಪೀಲ್ ಅವರ ‘ನೋಪ್’ (2022) ಸಿನಿಮಾಗೆ ಛಾಯಾಗ್ರಾಹಕ ಹೋಯ್ಟ ವಾನ್ ಹೋಯ್ಟೆಮ ಒಂದೇ ಚೌಕಟ್ಟಿನಲ್ಲಿ ಎರಡು ಕ್ಯಾಮೆರಾ ಕೂರಿಸಿದ್ರು. ಒಂದು 65 ಮಿ.ಮೀ. ಕಲರ್ ಫಿಲ್ಮಿನದು, ಇನ್ನೊಂದು ಇನ್‌ಫ್ರಾರೆಡ್‌ಗೆ ಬದಲಾಯಿಸಿದ ಡಿಜಿಟಲ್. ನಡುವೆ ಕನ್ನಡಿ ಇರೋದ್ರಿಂದ ಎರಡಕ್ಕೂ ಕಾಣೋದು ಒಂದೇ ನೋಟ. ಹಗಲಲ್ಲಿ ತೆಗೆದ್ರು. ಇನ್‌ಫ್ರಾರೆಡ್ ಚಿತ್ರದಿಂದ ಕಪ್ಪು ಆಕಾಶ ಬಂತು, ಫಿಲ್ಮಿನಿಂದ ಬಣ್ಣ, ಕಂಪ್ಯೂಟರಲ್ಲಿ ಎರಡನ್ನೂ ಸೇರಿಸಿದ್ರು. ಇಡೀ ಕಣಿವೆ ದೂರದ ಬೆಟ್ಟದವರೆಗೂ ಕಾಣುವ ರಾತ್ರಿ. ಕತ್ತಲಲ್ಲಿ ನಿಂತು ಕಣ್ಣು ಹೊಂದಿಕೊಂಡ ಮೇಲೆ ಕಾಣುತ್ತಲ್ಲ, ಹಾಗೆ. ಕೌಬಾಯ್ ಕಾಲದ ಉಪಾಯ, ಬೇರೆ ಬಟ್ಟೆ ಹಾಕ್ಕೊಂಡು.

9/10

ಈಗ ನಮ್ಮ ಕಥೆ. ನಮ್ಮ ಕಿರುಚಿತ್ರ ಏನು ಅಂತ ನೋಡಿದವರಿಗೆ ಗೊತ್ತು: ಕೊನೇ ಬಸ್ ಇಳಿದ ಹುಡುಗಿ ಒಬ್ಬಳೇ ಮನೆವರೆಗೂ ನಡೆಯೋದು. ಇಡೀ ಸಿನಿಮಾ ಅಷ್ಟೇ, ನಾಲ್ಕು ನಿಮಿಷ. ನಿರ್ದೇಶನ ನಾನು, ಕ್ಯಾಮೆರಾ ನನ್ನ ರೂಮ್‌ಮೇಟ್, ನಟಿಸಿದ್ದು ಪಕ್ಕದ ರೂಮಿನವಳು. ಮೂವರೂ ಹಾಸ್ಟೆಲ್. ಗೇಟು ಬೀಳೋದು ರಾತ್ರಿ 8ಕ್ಕೆ. ಹುಡುಗರ ಹಾಸ್ಟೆಲ್‌ದು 10:30.

ಮೂರು ಸಲ ಲೆಟರ್ ಬರೆದ್ವಿ. ಒಂದು ರಾತ್ರಿ, ಒಂದೇ ರಾತ್ರಿ, ಮೇಡಂ ಯಾರಾದ್ರೂ ಜೊತೆಗೆ ಬರಲಿ ಅಂದ್ವಿ. ‘ಜವಾಬ್ದಾರಿ ಯಾರದಮ್ಮ?’ ಅಂದ್ರು. ಸರಿ, ಅವರ ಕಷ್ಟ ಅವರಿಗೆ. ಆಮೇಲೆ ಕ್ಲಾಸಿನ ಹುಡುಗರು ಒಳ್ಳೆ ಮನಸ್ಸಿಂದಲೇ ಹೇಳಿದ್ರು, ‘ಸ್ಕ್ರಿಪ್ಟ್ ಕೊಡಿ, ನಾವೇ ರಾತ್ರಿ ತೆಗೆದ್ಕೊಂಡು ಬರ್ತೀವಿ.’ ಆ ದಿನ ಊಟ ಸೇರಲಿಲ್ಲ ನನಗೆ. ರಾತ್ರಿ ಒಬ್ಬಳೇ ನಡೆಯೋ ಹುಡುಗಿಯ ಸಿನಿಮಾ, ಅದನ್ನ ತೆಗೆಯೋಕೆ ಹುಡುಗರೇ ಹೋಗಬೇಕು. ಸರಿ, ನಡೆಯೋಳು ಯಾರು? ಅದನ್ನ ಯಾರೂ ಕೇಳಲಿಲ್ಲ.

ನೊಸ್ಫೆರಾಟು ಬಗ್ಗೆ ಓದಿದ್ದು ಅದೇ ವಾರ. ಹಾಗಾಗಿ ಈ ಸರಣಿ ದಂಡ ಅಂತ ಮೊದಲು ಹೇಳಿದ್ನಲ್ಲ, ಸಾಲ ಅಂದ್ರೂ ಸರಿಹೋಗುತ್ತೆ.

ಮೊದಲನೇ ಪ್ರಯತ್ನ ಫೇಲ್. ಮಧ್ಯಾಹ್ನ 12ಕ್ಕೆ ತೆಗೆದ್ವಿ. ಸೂರ್ಯ ನೆತ್ತಿ ಮೇಲೆ, ಕಣ್ಣಿನ ಗುಳಿಯಲ್ಲೆಲ್ಲ ನೆರಳು, ಅವಳು ಕಣ್ಣು ಕಿರಿದು ಮಾಡ್ಕೊಂಡು ನಡೀತಿದ್ದಾಳೆ. ರಾತ್ರಿಯಲ್ಲಿ ಯಾರಾದ್ರೂ ಕಣ್ಣು ಕಿರಿದು ಮಾಡ್ತಾರಾ? ಸಾಲದ್ದಕ್ಕೆ ಫೋನಲ್ಲಿ ತೆಗೆದಿದ್ವಿ. ನಾವು ಬಳಸಿದ ಫೋನಿನ ವಿಡಿಯೋ 8 ಬಿಟ್, ಅಂದ್ರೆ ಒಂದು ಬಣ್ಣಕ್ಕೆ 256 ಮೆಟ್ಟಿಲು. ಚಿತ್ರವನ್ನ ಕತ್ತಲು ಮಾಡಿ, ಆ ಕತ್ತಲಲ್ಲೇ ಮತ್ತೆ ವಿವರ ಎಳೆಯೋಕೆ ಹೋದಾಗ ಮೆಟ್ಟಿಲುಗಳು ಕಣ್ಣಿಗೆ ಕಾಣ್ತವೆ, ಗೋಡೆ ಮೇಲೆಲ್ಲ ಪಟ್ಟೆ ಪಟ್ಟೆ. ಡಿಪಾರ್ಟ್‌ಮೆಂಟಿನ ಕ್ಯಾಮೆರಾ ಬೇಡಿ ತಂದ್ವಿ. ಅದು 10 ಬಿಟ್, 1024 ಮೆಟ್ಟಿಲು.

ಎರಡನೇ ಸಲ ಸಂಜೆ 4ರಿಂದ 5:30. ಸೂರ್ಯ ಅವಳ ಹಿಂದೆ, ಕೂದಲ ಅಂಚಲ್ಲಿ ಮಾತ್ರ ಬೆಳಕು, ಮುಖ ನೆರಳಲ್ಲಿ. ಆಕಾಶ ಆದಷ್ಟು ಬಿಟ್ವಿ. ಬೆಳಕು ಕಮ್ಮಿ ಮಾಡದೆ, ಬಿಳಿ ಭಾಗ ಸುಟ್ಟುಹೋಗದ ಹಾಗೆ ಮಾತ್ರ ನೋಡ್ಕೊಂಡ್ವಿ.

10/10

ಆಮೇಲೆ ಡಾವಿಂಚಿ ರಿಸಾಲ್ವ್, ಅದರೊಳಗಿನ ಫ್ಯೂಷನ್. ಉಚಿತ ಆವೃತ್ತಿಯೇ ಸಾಕಾಯ್ತು. ಕೇಳಿದವರಿಗಾಗಿ ಮಾಡಿದ್ದನ್ನ ಮಾಡಿದ ಹಾಗೆ ಹೇಳ್ತೀನಿ.

ಮೊದಲು ಚಿತ್ರವನ್ನ ಲೀನಿಯರ್‌ಗೆ ತಂದು 0.25ರಿಂದ ಗುಣಿಸಿದ್ವಿ. ಕಾಲು ಭಾಗ ಅಂದ್ರೆ ಎರಡು ಸ್ಟಾಪ್ ಕಮ್ಮಿ. ಬಣ್ಣ ಅರ್ಧಕ್ಕಿಂತ ಹೆಚ್ಚು ತೆಗೆದ್ವಿ, ನೀಲಿ ಚೂರೇ ಚೂರು. ಇಷ್ಟಕ್ಕೇ ಬಿಟ್ಟಿದ್ರೆ ಮೋಡ ಕವಿದ ಸಂಜೆ ಥರ ಇತ್ತು.

ಆಕಾಶ ಕಾಣುವ ಎರಡು ಶಾಟ್‌ಗಳಲ್ಲಿ ತೆಂಗಿನ ಮರ ಇತ್ತು. ಆ ಗರಿಗಳನ್ನ ಕೈಯಲ್ಲಿ ಯಾರು ಕತ್ತರಿಸ್ತಾರೆ! ಆಕಾಶ ಗರಿಗಿಂತ ತುಂಬ ಬೆಳಕಾಗಿತ್ತು, ಹಾಗಾಗಿ ಬೆಳಕಿನ ಆಧಾರದ ಮೇಲೆ ಕೀ ತೆಗೆದು, ಅಲ್ಲಿಗೆ ಕೆಳಗೆ ಸ್ವಲ್ಪ ತಿಳಿ ಮೇಲೆ ಕಪ್ಪಾಗುವ ಆಕಾಶ ಕೂರಿಸಿದ್ವಿ. ಗರಿಯ ಅಂಚಲ್ಲಿ ಬಿಳಿ ಗೆರೆ ಉಳೀತು. ಮ್ಯಾಟ್ ಅನ್ನ ಒಂದು ಪಿಕ್ಸೆಲ್ ಒಳಗೆ ಎಳೆದ ಮೇಲೆ ಹೋಯ್ತು.

ಬೀದಿದೀಪವೇ ಮುಖ್ಯ. ಕಂಬ ನಿಜವಾದದ್ದು, ದೀಪ ಆರಿತ್ತು. ಬಲ್ಬಿನ ಜಾಗದಲ್ಲಿ ಹೊಳಪು, ಸುತ್ತ ಸಣ್ಣ ಗ್ಲೋ. ರಸ್ತೆ ಮೇಲಿನ ಬೆಳಕಿಗೆ ಒಂದು ಉಪಾಯ ಸಿಕ್ತು: ಅಲ್ಲಿ ಹೊಸದಾಗಿ ಏನೂ ಬಿಡಿಸಬೇಕಾಗಿಲ್ಲ, ಕತ್ತಲು ಮಾಡದ ಮೂಲ ಚಿತ್ರವನ್ನೇ ಮೆತ್ತನೆ ಅಂಚಿನ ಮಾಸ್ಕ್ ಮೂಲಕ ಇಣುಕಿಸಿ, ಅದಕ್ಕೆ ಕಿತ್ತಳೆ ಬಣ್ಣ ಕೊಟ್ರೆ ಆಯ್ತು. ಡಾಂಬರಿನ ಒಂದೊಂದು ಕಲ್ಲೂ ದೀಪದಡಿ ಇದ್ದ ಹಾಗೆ ಕಾಣುತ್ತೆ. ಹಗಲು ಕೆಳಗೆ ಹಾಗೇ ಇದೆ, ಬೇಕಾದ ಕಡೆ ಮಾತ್ರ ಬಾಗಿಲು ತೆಗೆದ ಹಾಗೆ.

ಆದ್ರೆ ಅವಳು ಆ ಬೆಳಕೊಳಗೆ ನಡೆದು ಬಂದಾಗ ಅವಳ ಮೇಲೂ ಬೆಳಕು ಬೀಳಬೇಕಲ್ಲ, ಮೊದಲು ಕಾಲಿಗೆ, ಆಮೇಲೆ ದುಪಟ್ಟಕ್ಕೆ, ಆಮೇಲೆ ಮುಖಕ್ಕೆ. ಅದಕ್ಕೆ ಅಡ್ಡದಾರಿ ಸಿಗಲಿಲ್ಲ. 6 ಸೆಕೆಂಡಿನ ಶಾಟ್, ಸೆಕೆಂಡಿಗೆ 24 ಫ್ರೇಮ್, ಒಟ್ಟು 144. ರೂಮ್‌ಮೇಟೂ ನಾನೂ ಪಾಳಿ ಹಾಕ್ಕೊಂಡು ಮೂರು ರಾತ್ರಿ ರೋಟೋ ಮಾಡಿದ್ವಿ, ಹಾಸ್ಟೆಲ್ ರೂಮಲ್ಲಿ, ಗೇಟು ಬಿದ್ದ ಮೇಲೆ. ಕೊನೆಗೆ ಎಲ್ಲದರ ಮೇಲೂ ಒಂದೇ ಗ್ರೇನ್, ಪದರಗಳು ಬೇರೆ ಬೇರೆ ಅಂತ ಗೊತ್ತಾಗದಿರಲಿ ಅಂತ.

ತಪ್ಪು ಇನ್ನೂ ಇದೆ. ಎರಡನೇ ನಿಮಿಷದ ಹತ್ತಿರ ಹಿನ್ನೆಲೆಯಲ್ಲಿ ಒಂದು ಕಾಗೆ ಹಾರಿ ಹೋಗುತ್ತೆ. ರಾತ್ರಿ ಕಾಗೆ! ಸಲ್ಲಿಸಿದ ಮೇಲೆ ಕಂಡಿದ್ದು. ನೀವ್ಯಾರೂ ನೋಡಿರಲಿಲ್ಲ, ಈಗ ನೋಡ್ತೀರ.

ಅಮ್ಮನಿಗೆ ಲಿಂಕ್ ಕಳಿಸಿದ್ದೆ. ಹತ್ತು ನಿಮಿಷಕ್ಕೆ ಫೋನ್. ‘ಸಿನಿಮಾ ಚೆನ್ನಾಗಿದೆ ಪುಟ್ಟ’ ಅಂತಲೂ ಇಲ್ಲ, ಸೀದಾ ‘ಅಷ್ಟು ಹೊತ್ತಲ್ಲಿ ಆ ರಸ್ತೆಗೆ ಯಾಕೆ ಹೋಗಿದ್ರೀ? ಯಾರಿದ್ರು ಜೊತೆಗೆ? ಹಾಸ್ಟೆಲಲ್ಲಿ ಹೇಗೆ ಬಿಟ್ರು?’ ಸಂಜೆ ನಾಲ್ಕಕ್ಕೆ ತೆಗೆದಿದ್ದು ಅಂತ ಎಷ್ಟು ಹೇಳಿದ್ರೂ ನಂಬಲಿಲ್ಲ. ಕೊನೆಗೆ ಮೂಲ ಫೂಟೇಜ್ ವಾಟ್ಸಾಪ್ ಮಾಡಿದೆ, ಹತ್ತನೇ ಸ್ಲೈಡಲ್ಲಿ ಇರೋದು ಅದೇ. ಸ್ವಲ್ಪ ಹೊತ್ತು ಉತ್ತರ ಇಲ್ಲ. ಆಮೇಲೆ ವಾಯ್ಸ್ ಮೆಸೇಜ್ ಬಂತು:

‘ಆ ಬಿಸಿಲಲ್ಲಿ ಆ ಹುಡುಗೀನ ಎಷ್ಟು ಸಲ ನಡೆಸಿದ್ಯೇ? ಒಂದು ಛತ್ರಿ ತಗೊಂಡು ಹೋಗೋಕೇನಾಗಿತ್ತು ನಿಮಗೆ?’

#ಹಗಲಿನರಾತ್ರಿ #ಸಿನಿಮಾಇತಿಹಾಸ